ಅಪ್ಪ ಬಸ್ಸಿನಿಂದ ಇಳಿದ ನಲವತ್ತೆರಡು ಸಲ

ನಂಜನಗೂಡಿನ ರೈಲು ಹಳಿ ನಮ್ಮ ಬಸ್ಸಿನ ರಸ್ತೆಯನ್ನು ಹಾಯುವ ಜಾಗದಲ್ಲಿ ಆಗ ಗೇಟಿರಲಿಲ್ಲ, ಗೇಟು ಕಾಯುವವನೂ ಇರಲಿಲ್ಲ. ಪಕ್ಕದಲ್ಲಿ ದಟ್ಟವಾದ ಸರ್ವೆ ತೋಪು. ಹಳಿ ಆ ತೋಪಿನ ಹಿಂದೆಯೇ ತಿರುಗಿಕೊಂಡು ಬರುತ್ತಿದ್ದುದರಿಂದ ರೈಲು ತೀರ ಹತ್ತಿರ ಬರುವವರೆಗೂ ಬಸ್ಸಿನವರಿಗೆ ಕಾಣುತ್ತಿರಲಿಲ್ಲ. ಬಸ್ಸಿನ ಎಂಜಿನ್ನು ಎಷ್ಟು ಸದ್ದು ಮಾಡುತ್ತಿತ್ತೆಂದರೆ ರೈಲಿನ ಕೂಗೂ ಕೇಳುತ್ತಿರಲಿಲ್ಲ. ಅದಕ್ಕೆ ನಮ್ಮ ಬಸ್ಸಿನ ಕಂಡಕ್ಟರು ಹಳಿ ಇನ್ನೂ ಹತ್ತು ಮಾರು ದೂರವಿರುವಾಗಲೇ "ಹೋಲ್ಡಾನ್" ಎಂದು ಕೂಗಿ ಬಸ್ಸು ನಿಲ್ಲಿಸುತ್ತಿದ್ದರು. ಇಳಿದು ನಡೆದುಹೋಗಿ, ಹಳಿಯ ನಡುವೆ ನಿಂತು, ತೋಪು ದಾಟಿ ಇನ್ನೂ ನಾಲ್ಕು ಹೆಜ್ಜೆ ಹೋಗಿ ತಿರುವನ್ನು ನೋಡಿ, ಹಿಂದಕ್ಕೆ ಬಂದು ಇನ್ನೊಂದು ಕಡೆಯನ್ನೂ ನೋಡಿ, ಆಮೇಲೆ ಬಲಗೈ ಎತ್ತುತ್ತಿದ್ದರು. ಕೈ ಮೇಲೆದ್ದ ಮೇಲೆಯೇ ಡ್ರೈವರು ಗೇರು ಹಾಕುತ್ತಿದ್ದುದು.

ಆ ಕಂಡಕ್ಟರು ನಮ್ಮಪ್ಪ. ಖಾಸಗಿ ಬಸ್ಸು, ಒಬ್ಬ ಸಾಹುಕಾರರದು. ಮೈಸೂರಿನಿಂದ ಬೆಳಗ್ಗೆ ಹೊರಟು ದಕ್ಷಿಣದ ಹಳ್ಳಿಗಳನ್ನು ಸುತ್ತಿ ಸಂಜೆ ಆರಕ್ಕೆ ಮತ್ತೆ ಮೈಸೂರು ಮುಟ್ಟಬೇಕು. ನನಗೆ ಆಗ ಹತ್ತೊಂಬತ್ತು. ಅದೇ ದಾರಿಯ ಒಂದು ಹಳ್ಳಿಯ ಪ್ರೈಮರಿ ಶಾಲೆಯಲ್ಲಿ ಹಂಗಾಮಿ ಉಪಾಧ್ಯಾಯಿನಿ. ವಿದ್ಯಾರಣ್ಯಪುರಂನ ನಮ್ಮ ಬಾಡಿಗೆ ಮನೆಯಿಂದ ಅಪ್ಪನ ಜೊತೆಯೇ ಹೊರಟು, ಅಪ್ಪನ ಬಸ್ಸಿನಲ್ಲೇ ಹೋಗಿ, ಅದರಲ್ಲೇ ಹಿಂದಕ್ಕೆ ಬರುತ್ತಿದ್ದೆ. ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ, ದಿನಕ್ಕೆ ಎರಡು ಸಲ ನಾನೂ ಆ ಹಳಿ ದಾಟುತ್ತಿದ್ದೆ.

ಅಪ್ಪನಿಗೆ ಈ ಇಳಿಯುವ ಪದ್ಧತಿಯನ್ನು ಯಾರೂ ಕಲಿಸಿರಲಿಲ್ಲ. ಕಂಡಕ್ಟರ್ ಬಿಲ್ಲೆ ಸಿಕ್ಕಿದಾಗ ಅದರ ಜೊತೆ ಒಂದು ಸಣ್ಣ ನಿಯಮದ ಪುಸ್ತಕವೂ ಕೈಗೆ ಬಂದಿತ್ತು. ಅದು ಇಂಗ್ಲಿಷಿನಲ್ಲಿತ್ತು. ಬೇರೆ ಕಂಡಕ್ಟರುಗಳು ಅದನ್ನು ಎಲ್ಲಿ ಎಸೆದರೋ ಗೊತ್ತಿಲ್ಲ. ಕನ್ನಡವನ್ನೇ ಅಕ್ಷರ ಅಕ್ಷರ ಕೂಡಿಸಿ ಓದುತ್ತಿದ್ದ ಅಪ್ಪ ಪಕ್ಕದ ಬೀದಿಯ ಲಾಯರ ಗುಮಾಸ್ತರೊಬ್ಬರ ಹತ್ತಿರ ಎರಡು ಭಾನುವಾರ ಕೂತು ಮೊದಲಿನಿಂದ ಕೊನೆಯವರೆಗೆ ಓದಿಸಿಕೊಂಡರು. ಗೇಟಿಲ್ಲದ ಕಡೆ ಇಳಿದು ನೋಡಬೇಕು ಎಂಬುದು ಅದರಲ್ಲಿತ್ತಂತೆ.

"ಬರ್ದವ್ರೆ ಕಣವ್ವ," ಎನ್ನುತ್ತಿದ್ದರು ನನಗೆ. "ಅಷ್ಟ್ ಕಷ್ಟಪಟ್ಟು ಅಚ್ಚು ಹಾಕ್ಸೋರು ಸುಮ್‌ಸುಮ್ನೆ ಬರೀತಾರಾ?"

ಬರೆದದ್ದರ ಮೇಲೆ ಅವರಿಗೆ ಅಂಥ ನಂಬಿಕೆ. ಎಲ್ಲೋ ದೂರದ ಊರಿನಲ್ಲಿ ಬಸ್ಸಿಗೆ ರೈಲು ಬಡಿದ ಸುದ್ದಿ ಪತ್ರಿಕೆಯಲ್ಲಿ ಬಂದರೆ ನನ್ನಿಂದ ಎರಡು ಸಲ ಓದಿಸುತ್ತಿದ್ದರು. ಸತ್ತವರೆಷ್ಟು, ಗಾಯಗೊಂಡವರೆಷ್ಟು, ಎಲ್ಲ ಇರುತ್ತಿತ್ತು. ಓದಿ ಮುಗಿಸಿದ ಮೇಲೆ ಅಪ್ಪ ಕೇಳುತ್ತಿದ್ದುದು ಒಂದೇ ಮಾತು: "ಕಂಡಕ್ಟ್ರು ಇಳಿದಿದ್ನಂತಾ?" ಅದನ್ನು ಮಾತ್ರ ಯಾವ ಪತ್ರಿಕೆಯೂ ಬರೆಯುತ್ತಿರಲಿಲ್ಲ.

ಬಸ್ಸಿನಲ್ಲಿದ್ದವರಿಗೆ ಇದೆಲ್ಲ ತಮಾಷೆ. ಬದನೆಕಾಯಿ ಬುಟ್ಟಿಯೊಂದಿಗೆ ದಿನಾ ಹತ್ತುವ ಒಬ್ಬ ಹೆಂಗಸಂತೂ ಅಪ್ಪ ಹಿಂದಕ್ಕೆ ಬಂದು ಹತ್ತಿದ ಕೂಡಲೇ ಶುರು ಮಾಡುತ್ತಿದ್ದಳು. "ಏನ್ ಕಂಡಕ್ಟ್ರೇ, ರೈಲಿಗೆ ಅರಿಸಿನ ಕುಂಕುಮ ಕೊಟ್ಟು ಕರ್ದುಬುಟ್ ಬಂದ್ರಾ?"

"ಕರ್ದೆ ಕಣಮ್ಮ. ಇವತ್ತು ಪುರುಸೊತ್ತಿಲ್ಲ, ನಾಳೆ ಬತ್ತೀನಿ ಅಂತು," ಎನ್ನುತ್ತಿದ್ದರು ಅಪ್ಪ, ಟಿಕೆಟ್ ಹರಿಯುತ್ತ.

1958ನೇ ಇಸವಿ ಜುಲೈ 6, ಭಾನುವಾರ. ಸಾಹುಕಾರರು ಅಪ್ಪನನ್ನು ಷೆಡ್ಡಿಗೆ ಕರೆಸಿದರು. ಅದೇ ದಾರಿಯಲ್ಲಿ ಇನ್ನೊಬ್ಬರ ಬಸ್ಸು ಓಡಲು ಶುರುವಾಗಿತ್ತು; ಸಂಜೆ ಅದು ನಮಗಿಂತ ಮುಂಚೆ ಮೈಸೂರು ಮುಟ್ಟುತ್ತಿತ್ತು. ಆ ಬಸ್ಸಿನ ಕಂಡಕ್ಟರು ಹಳಿಯ ಹತ್ತಿರ ಇಳಿಯುತ್ತಿರಲಿಲ್ಲ. ನಮ್ಮ ಬಸ್ಸು ದಿನಾ ಇಪ್ಪತ್ತು ನಿಮಿಷ ತಡವಾಗುವುದು ಅಪ್ಪ ಇಳಿಯುವುದರಿಂದಲೇ ಎಂದು ಯಾರೋ ಸಾಹುಕಾರರ ಕಿವಿಗೆ ಹಾಕಿದ್ದರು. "ನಾಳೆಯಿಂದ ಇಳೀಬೇಡ. ಇಳಿಯೋದಾದ್ರೆ ಚೀಲ ತಂದು ಇಲ್ಲಿಟ್ಟು ಮನೆಗೋಗು" ಎಂದರಂತೆ. ಚೀಲವೆಂದರೆ ಹೆಗಲಿಗೆ ಹಾಕುವ ಚರ್ಮದ ಟಿಕೆಟ್ ಚೀಲ. ನಮ್ಮ ಮನೆ ನಡೆಯುತ್ತಿದ್ದುದು ಅದರಿಂದ. ನನ್ನ ಕೆಲಸ ಹಂಗಾಮಿಯದು, ನನ್ನ ಹಿಂದೆ ಇನ್ನೂ ಮೂವರು ಓದುವವರಿದ್ದರು. ಒಬ್ಬ ಸಾಹುಕಾರರು ತೆಗೆದ ಕಂಡಕ್ಟರನ್ನು ಊರಿನಲ್ಲಿ ಇನ್ನೊಬ್ಬರು ಸೇರಿಸಿಕೊಳ್ಳುತ್ತಿರಲಿಲ್ಲ.

ಅವ್ವ ಒಲೆಯ ಮುಂದಿನಿಂದಲೇ ಹೇಳಿದಳು: "ರೈಲು ನೋಡ್ಕೊಳಕ್ಕೆ ರೈಲಿನೋರವ್ರೆ. ನೀವ್ ಸುಮ್ನೆ ನಿಮ್ ಕೆಲ್ಸ ನೋಡ್ಕೊಳಿ."

ನಾನು ಹೇಳಿದೆ: "ಅಪ್ಪ, ಇಳಿಯೋಕೆ ಎಷ್ಟು ಹೊತ್ತಾಗತ್ತೆ ಅಂತ ನಾನು ಬರೀತೀನಿ. ತಿಂಗಳಾದ ಮೇಲೆ ತೋರಿಸೋಣ."

ಬರೆಯುವುದು ನನಗೆ ಹೊಸದಲ್ಲ. ಶಾಲೆಗೆ ಬಂದ ಮಕ್ಕಳೆಷ್ಟು, ಎಷ್ಟು ಗಂಟೆಗೆ ಮಳೆ ನಿಂತಿತು, ಎಲ್ಲ ತಾರೀಖು ಹಾಕಿ ಬರೆಯುವ ಅಭ್ಯಾಸ ಮೊದಲಿನಿಂದ ಇತ್ತು. ಮೊದಲ ಸಂಬಳದಲ್ಲಿ ತೆಗೆದುಕೊಂಡ ಹಳೆಯ ಕೈಗಡಿಯಾರವೊಂದಿತ್ತು, ಅದರಲ್ಲಿ ಸೆಕೆಂಡಿನ ಮುಳ್ಳೂ ಇತ್ತು. ಒಂದು ನೋಟ್ ಪುಸ್ತಕದಲ್ಲಿ ಗೆರೆ ಎಳೆದು ಮನೆಗಳನ್ನು ಮಾಡಿದೆ: ತಾರೀಖು, ಹಳಿಯ ಹತ್ತಿರ ನಿಂತ ಹೊತ್ತು, ಟಾಪಿಗೆ ಮೂಟೆ ಹೇರಿದ ಹೊತ್ತು, ಮೈಸೂರು ಮುಟ್ಟಿದ ಹೊತ್ತು.

ಸೋಮವಾರ ಅಪ್ಪ ಇಳಿಯಲಿಲ್ಲ.

ಹಳಿ ಬಂತು. "ಹೋಲ್ಡಾನ್" ಬರಲಿಲ್ಲ. ಡ್ರೈವರು ಒಂದು ಸಲ ಹಿಂದಕ್ಕೆ ತಿರುಗಿ ನೋಡಿದರು. ಆಮೇಲೆ ಬಸ್ಸನ್ನು ನಿಧಾನ ಮಾಡಿ, ಕಿಟಕಿಯಿಂದ ಅರ್ಧ ಮೈ ಆಚೆ ಹಾಕಿ ತೋಪಿನ ಕಡೆ ನೋಡುತ್ತ ದಾಟಿಸಿದರು. ಅಪ್ಪ ಕಂಬಿ ಹಿಡಿದುಕೊಂಡು ತಮ್ಮ ಕಾಲನ್ನೇ ನೋಡುತ್ತ ನಿಂತಿದ್ದರು. ಮಂಗಳವಾರವೂ ಹಾಗೆಯೇ, ಬುಧವಾರವೂ ಹಾಗೆಯೇ.

"ಏನ್ ಕಂಡಕ್ಟ್ರೇ, ಕಾಲ್ನೋವಾ?" ಎಂದಳು ಬದನೆಕಾಯಿಯವಳು. "ನೀವ್ ಇಳ್ದು ಬರೋ ಹೊತ್ಗೆ ನಾನು ಎಲೆ ಅಡ್ಕೆ ಮಡಿಸ್ಕೊಳ್ತಿದ್ದೆ. ಈಗ ಅದಕ್ಕೂ ಹೊತ್ತಿಲ್ದಂಗ್ ಮಾಡ್‌ಬುಟ್ರಲ್ಲ."

ಅಪ್ಪ ಚೀಲದೊಳಗೆ ಕೈಹಾಕಿ ಚಿಲ್ಲರೆ ಎಣಿಸತೊಡಗಿದರು.

ಬುಧವಾರ ಸಂಜೆ ಮನೆಗೆ ಬಂದು ಕೈಕಾಲು ತೊಳೆದ ಮೇಲೆ, ಬರೆದದ್ದನ್ನು ತೋರಿಸು ಎಂದರು. ಕೊಟ್ಟೆ. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿದರು. ಹಳಿಯ ಮನೆಯಲ್ಲಿ ಆರು ಸಲ 'ಇಳಿಯಲಿಲ್ಲ' ಎಂದು ಬರೆದಿತ್ತು. ಆರನ್ನೂ ಓದಿದರು, ಒಂದನ್ನೂ ಬಿಡಲಿಲ್ಲ. ಆಮೇಲೆ ಪುಸ್ತಕ ನನ್ನ ಕೈಗೆ ಕೊಟ್ಟರು.

ಗುರುವಾರ ಬೆಳಗ್ಗೆ ಹಳಿ ಹತ್ತಿರವಾದಾಗ "ಹೋಲ್ಡಾನ್" ಎಂದು ಎಷ್ಟು ಜೋರಾಗಿ ಕೂಗಿದರೆಂದರೆ ತೂಕಡಿಸುತ್ತಿದ್ದವರೆಲ್ಲ ಎದ್ದು ಕೂತರು. ಇಳಿದರು, ನೋಡಿದರು, ಕೈಯೆತ್ತಿದರು. ಹೊಸ ಪುಟದಲ್ಲಿ ಬರೆದುಕೊಂಡೆ: ಒಂದು ನಿಮಿಷ ಹತ್ತು ಸೆಕೆಂಡು. ಅಂದಿನಿಂದ ಒಂದು ದಿನವೂ ತಪ್ಪಿಸಲಿಲ್ಲ. ಸುದ್ದಿ ಸಾಹುಕಾರರಿಗೆ ತಲುಪಲು ಬಹಳ ದಿನ ಬೇಕಾಗಲಿಲ್ಲ. ಆಗಸ್ಟ್ 3, ಭಾನುವಾರ, ಚೀಲದ ಸಮೇತ ಬರುವಂತೆ ಹೇಳಿಕಳಿಸಿದರು.

ನಾನೂ ಹೋದೆ. ಅವ್ವ ಬೇಡವೆಂದಳು; ಅಪ್ಪ ಬೇಡವೆನ್ನಲಿಲ್ಲ. ಷೆಡ್ಡಿನಲ್ಲಿ ನಮ್ಮ ಡ್ರೈವರು ಬಸ್ಸಿನ ಬಾನೆಟ್ ತೆಗೆದು ಏನೋ ಒರೆಸುತ್ತಿದ್ದರು. ಸಾಹುಕಾರರು ಮೇಜಿನ ಹಿಂದೆ ಕೂತಿದ್ದರು. ನನ್ನ ಕೈಯಲ್ಲಿದ್ದ ಪುಸ್ತಕ ನೋಡಿ ನಕ್ಕರು.

"ಏನಮ್ಮ ಮೇಷ್ಟ್ರಮ್ಮ, ನನಗೂ ಪಾಠ ಹೇಳೋಕೆ ಬಂದ್ಯಾ?"

"ಇಲ್ಲ, ಲೆಕ್ಕ ಒಪ್ಪಿಸೋಕೆ ಬಂದೆ," ಎಂದೆ.

ನಿಂತುಕೊಂಡೇ ಓದಿದೆ. ಕೆಲಸದ ದಿನ ಇಪ್ಪತ್ನಾಲ್ಕು, ಹಳಿ ದಾಟಿದ್ದು ನಲವತ್ತೆಂಟು ಸಲ. ಅಪ್ಪ ಇಳಿದಾಗ ಹಳಿಯ ಹತ್ತಿರ ಬಸ್ಸು ನಿಂತದ್ದು ಹೆಚ್ಚೆಂದರೆ ಒಂದೂವರೆ ನಿಮಿಷ. ಮರುದಿನದ ಮಾರ್ಕೆಟ್ಟಿಗೆಂದು ಎರಡು ಹಳ್ಳಿಗಳಲ್ಲಿ ಟಾಪಿಗೆ ತರಕಾರಿ ಮೂಟೆ ಹೇರಲು ಬಸ್ಸು ನಿಂತದ್ದು ಪ್ರತಿ ಸಂಜೆ ಹದಿನಾರು, ಹದಿನೇಳು ನಿಮಿಷ. ಹೇರುವುದು ಸಾಹುಕಾರರ ಅಪ್ಪಣೆಯೇ. ಅವರ ಮುಖ ಸ್ವಲ್ಪ ಬಿಗಿಯಿತು.

ಅಷ್ಟಕ್ಕೇ ಪುಸ್ತಕ ಮುಚ್ಚಬೇಕೆಂದು ದಾರಿಯಲ್ಲೇ ನಿಶ್ಚಯಿಸಿದ್ದೆ. ಇಳಿಯದ ಮೂರು ದಿನಗಳಿದ್ದ ಮೊದಲ ಪುಟ ಓದಿದರೆ, ಕೆಲಸ ಹೋಗುವ ಭಯಕ್ಕೆ ಸುಮ್ಮನಿದ್ದರೆಂದು ಅಪ್ಪನ ಮಾನ ಹೋಗುತ್ತದೆ ಎಂದುಕೊಂಡಿದ್ದೆ. ನಾನು ಮುಚ್ಚುವುದನ್ನು ಅಪ್ಪ ನೋಡಿದರು.

"ಮೊದಲ್ನೇ ಪುಟಾನೂ ಓದವ್ವ."

"ಅಪ್ಪ..."

"ಓದು. ಬರ್ದ ಮೇಲೆ ಓದ್ಬೇಕು."

ಓದಿದೆ. ಜುಲೈ ಏಳು, ಎಂಟು, ಒಂಬತ್ತು. ಇಳಿಯಲಿಲ್ಲ. ಇಳಿಯಲಿಲ್ಲ.

ಸಾಹುಕಾರರು ಮೇಜು ಕುಟ್ಟಿ ನಕ್ಕರು. "ಭೇಷ್! ಮಗಳೇ ಸಾಕ್ಷಿ ಹೇಳವ್ಳೆ. ಮೂರು ದಿವ್ಸ ಇಳೀಲಿಲ್ಲ. ಏನಾಯ್ತು? ರೈಲ್ ಬಂದು ಗುದ್ತಾ? ಹೇಳಯ್ಯ, ಗುದ್ತಾ?"

ಅಪ್ಪ ತಲೆತಗ್ಗಿಸಿದರು. ಆಗ ನನ್ನ ಕಣ್ಣು ಅದೇ ಸಾಲಿನ ಕೊನೆಯ ಮನೆಗೆ ಹೋಯಿತು. ಬರೆದವಳು ನಾನೇ, ಆದರೂ ನಾಚಿಕೆಯಲ್ಲಿ ಆ ಪುಟವನ್ನು ಮತ್ತೆ ತೆರೆದಿರಲೇ ಇಲ್ಲ.

"ರೈಲು ಬರಲಿಲ್ಲ," ಎಂದೆ. "ಆದ್ರೆ ಬಸ್ಸು ಬೇಗ ಬಂತಾ ಅನ್ನೋದೂ ಇಲ್ಲಿದೆ. ಏಳನೇ ತಾರೀಖು ಇಪ್ಪತ್ತೆರಡು ನಿಮಿಷ ತಡ. ಎಂಟು, ಹತ್ತೊಂಬತ್ತು. ಒಂಬತ್ತು, ಇಪ್ಪತ್ತೊಂದು. ಇಳಿದ ದಿನಗಳಲ್ಲೂ ಇಷ್ಟೇ. ಇಳಿಯದೆ ಇದ್ದುದರಿಂದ ನಿಮಗೆ ಒಂದು ನಿಮಿಷವೂ ಉಳಿದಿಲ್ಲ."

ಸಾಹುಕಾರರು ಪುಸ್ತಕ ಕಸಿದುಕೊಂಡು ತಾವೇ ನೋಡಿದರು. ಹಿಂದಕ್ಕೆ ಮುಂದಕ್ಕೆ ಪುಟ ತಿರುಗಿಸಿದರು. ಲೆಕ್ಕ ಬಲ್ಲವರು, ಅದರಲ್ಲಿ ತಪ್ಪು ಸಿಗಲಿಲ್ಲ. ಆದರೆ ಕೋಪ ಇಳಿಯಲಿಲ್ಲ. "ಲೆಕ್ಕ ಅತ್ಲಾಗಿರ್ಲಿ. ಇಳೀಬೇಡ ಅಂದೆ. ನಾಲ್ಕನೇ ದಿವ್ಸಕ್ಕೇ ಇಳಿದ. ನನ್ ಮಾತಿಗೆ ಏನ್ ಬೆಲೆ?"

ಅಪ್ಪ ಹೆಗಲಿನ ಚೀಲ ತೆಗೆದು ಮೇಜಿನ ಮೇಲಿಟ್ಟರು. ಎಸೆಯಲಿಲ್ಲ, ಪಟ್ಟಿಯನ್ನು ಸುತ್ತಿ ನೀಟಾಗಿ ಇಟ್ಟರು. "ಆ ಮೂರು ದಿವ್ಸ ನಿಮ್ ಮಾತು ಕೇಳ್ದೆ ಸ್ವಾಮಿ. ಬಸ್ನಲ್ಲಿದ್ದೋರ ಮುಖ ನೋಡಕ್ಕಾಗ್ಲಿಲ್ಲ. ಇಳೀಬಾರ್ದು ಅಂದ್ರೆ ಬ್ಯಾರೆಯೋರ್ನ ನೋಡ್ಕೊಳಿ."

ನನಗೆ ಅವ್ವನ ಮುಖ ನೆನಪಾಯಿತು. ಚೀಲವನ್ನು ಮತ್ತೆ ಅಪ್ಪನ ಹೆಗಲಿಗೆ ಹಾಕಿಬಿಡಬೇಕೆನಿಸಿತು. ಆದರೆ ಅಪ್ಪ ಅಷ್ಟು ನೆಟ್ಟಗೆ ನಿಂತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಡ್ರೈವರು ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದರು. ಅಪ್ಪನಿಗಿಂತ ಹತ್ತು ವರ್ಷ ಹಿರಿಯರು. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು.

"ಯಜಮಾನ್ರೇ, ಆ ಮೂರು ದಿವ್ಸ ದಾಟ್ಸಿದ್ದು ನಾನು. ತೋಪಿನಾಚೆ ಏನೈತೆ ಅಂತ ನನಗೆ ಕಾಣಾಕಿಲ್ಲ. ಈವಯ್ಯ ಕೈ ಎತ್ತದೆ ಇನ್ಮೇಲೆ ನಾನು ದಾಟ್ಸಾಕಿಲ್ಲ. ಬ್ಯಾರೆ ಡ್ರೈವರ್ನೂ ನೋಡ್ಕೊಬುಡಿ."

ಡ್ರೈವರುಗಳು ಆಗ ಸುಲಭವಾಗಿ ಸಿಗುತ್ತಿರಲಿಲ್ಲ. ಸಾಹುಕಾರರು ಇಬ್ಬರನ್ನೂ ನೋಡಿದರು, ನನ್ನನ್ನೂ ನೋಡಿದರು. ಚೀಲವನ್ನು ಒಂದು ಬೆರಳಿನಿಂದ ಅಪ್ಪನ ಕಡೆಗೆ ತಳ್ಳಿದರು.

"ಎತ್ಕೊಳಯ್ಯ. ನಾಳೆಯಿಂದ ಬಸ್ಸು ಬರೋ ಹೊತ್ಗೆ ಮೂಟೆ ರಸ್ತೆ ಪಕ್ಕದಲ್ಲಿ ತಯಾರಾಗಿರ್ಬೇಕು ಅಂತ ಹಳ್ಳಿಯೋರಿಗೆ ಹೇಳು. ಇಲ್ಲದ್ದು ಹತ್ತಬಾರ್ದು." ಆಮೇಲೆ ನನ್ನ ಕಡೆ ತಿರುಗಿ, "ಇನ್ನು ನೀನು ಆ ಗಡಿಯಾರ ಮನೇಲಿಟ್ಟು ಬಾರಮ್ಮ" ಎಂದರು.

ಷೆಡ್ಡಿನಿಂದ ಆಚೆ ಬಂದ ಮೇಲೆ ಅಪ್ಪ ಮನೆಯ ಕಡೆಗೆ ತಿರುಗಲಿಲ್ಲ. ನನ್ನನ್ನು ಮಾರ್ಕೆಟ್ಟಿನ ಪಕ್ಕದ ಒಂದು ಹೋಟೆಲಿಗೆ ಕರೆದುಕೊಂಡು ಹೋದರು. ಮಗಳನ್ನು ಹೋಟೆಲಿಗೆ ಕರೆದುಕೊಂಡು ಹೋಗುವ ಪದ್ಧತಿ ನಮ್ಮ ಮನೆಯಲ್ಲಿರಲಿಲ್ಲ. ಎದುರುಬದುರು ಕೂತೆವು.

"ಆ ಮೂರು ದಿವ್ಸಾನ ಬರೀದೇ ಬುಡ್ಬೋದಿತ್ತಲ್ಲವ್ವ," ಎಂದರು ಅಪ್ಪ.

"ಆದದ್ದನ್ನ ಬರೀಬೇಕಲ್ಲ, ಅಪ್ಪ."

ಅವರು ನನ್ನನ್ನೇ ನೋಡಿದರು. ಹಾಗೆ ನೋಡಿದ್ದನ್ನು ಯಾವ ಮನೆಯಲ್ಲಿ, ಯಾವ ತಾರೀಖಿನ ಕೆಳಗೆ ಬರೆಯಬೇಕೋ ನನಗೆ ಈಗಲೂ ಗೊತ್ತಿಲ್ಲ. ಅಷ್ಟರಲ್ಲಿ ಮಾಣಿ ಬಂದು ಏನು ಬೇಕೆಂದು ಕೇಳಿದ.

"ಎರಡು ಮಸಾಲೆ ದೋಸೆ, ಎರಡು ಕಾಫಿ," ಎಂದರು ಅಪ್ಪ. ಕೇಳದಿದ್ದರೂ ಅವನಿಗೆ ನನ್ನ ಪರಿಚಯ ಹೇಳಿದರು: "ಇವ್ಳು ನನ್ ಮಗಳು ಕಣಪ್ಪ, ಮೇಷ್ಟ್ರು. ಬೇಗ ತತ್ತೀನಿ ಅಂತ ಹೇಳಿ ತಡ ಮಾಡ್‌ಬುಟ್ಟೀಯ. ಎಷ್ಟು ನಿಮಿಷ ಅಂತ ಬರ್ಕೊಂಡ್‌ಬುಡ್ತಾಳೆ."