ಕ್ಯಾಪ್ಟನ್ನರ ಹೊಟ್ಟೆ ಮತ್ತು ಹಡಗಿನ ರೆಕ್ಕೆ

ಅವರಿಗೆ ಕ್ಯಾಪ್ಟನ್ ಅಂತ ಹೆಸರಿಟ್ಟವರು ಯಾರೋ, ಈಗ ಕೇಳಿದರೆ ಯಾರೂ ಒಪ್ಪಿಕೊಳ್ಳುವುದಿಲ್ಲ. ಅವರು ಹಡಗು ನಡೆಸಿದವರಲ್ಲ, ಹಡಗು ಹತ್ತಿದವರೂ ಅಲ್ಲ. ಬಸ್ ನಿಲ್ದಾಣದ ಎದುರು, ಕನ್ನಡಕದ ಅಂಗಡಿಗೂ ಔಷಧದ ಅಂಗಡಿಗೂ ನಡುವೆ ಸಿಕ್ಕಿಕೊಂಡ ಒಂದು ಪ್ರವಾಸದ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಹಡಗಿನ ಟಿಕೆಟ್ ಮಾರುತ್ತಿದ್ದರು, ಅಷ್ಟೆ. ಮಾತು ಕೇಳಿದವರಿಗೆ ಮಾತ್ರ ಈ ಮನುಷ್ಯ ಹುಟ್ಟಿದ್ದೇ ನಡುಗಡಲಲ್ಲಿರಬೇಕು ಅನ್ನಿಸುತ್ತಿತ್ತು. ನಾಲಿಗೆಗೆ ಎಲುಬಿಲ್ಲ ಅನ್ನುತ್ತಾರಲ್ಲ, ಅದಕ್ಕೆ ಸಾಕ್ಷಿ ಬೇಕಾದವರು ಆ ಕಚೇರಿಗೆ ಹೋಗಬಹುದಿತ್ತು.

ಗಿರಾಕಿ ಬಂದು ಕೂತು, "ಹಡಗು ಅಲ್ಲಾಡುತ್ತಾ ಸಾರ್?" ಅಂದರೆ ಸಾಕು. ಕ್ಯಾಪ್ಟನ್ ಮೇಜಿನ ಕೆಳಗಿಂದ ಪ್ಲಾಸ್ಟಿಕ್ ಟಬ್ ಎಳೆದು, ಅರ್ಧ ನೀರು ತುಂಬಿಸಿ, ಅದರಲ್ಲಿ ಒಂದು ಸೋಪಿನ ಡಬ್ಬಿಯನ್ನೂ ಒಂದು ಉದ್ದನೆಯ ಟ್ರೇಯನ್ನೂ ತೇಲಿಬಿಡುತ್ತಿದ್ದರು. ಆಮೇಲೆ ಅಂಗಿಯ ತೋಳು ಮಡಿಸಿಕೊಂಡು ಬೆರಳಲ್ಲಿ ನೀರು ಕಲಕುತ್ತಿದ್ದರು.

"ನೋಡಿ, ಡಬ್ಬಿ ಒಂದೊಂದು ಅಲೆಗೂ ಹತ್ತಿ ಇಳೀತಾ ಇದೆ. ಟ್ರೇ ನೋಡಿ, ಮೂರು ಅಲೆ ಮೇಲೆ ಒಟ್ಟಿಗೆ ಮಲಗಿದೆ. ನಮ್ಮ ಹಡಗು ಮುನ್ನೂರು ಮೀಟರ್ ಉದ್ದ. ಕೆಳಗೆ ಅಲೆ ಬಂದಿದ್ದು ಹೋಗಿದ್ದು ಅದಕ್ಕೆ ಗೊತ್ತೇ ಆಗಲ್ಲ. ಸಾಲದ್ದಕ್ಕೆ ನೀರೊಳಗೆ ಎರಡೂ ಕಡೆ ರೆಕ್ಕೆ ಇವೆ. ಹಡಗು ಎಡಕ್ಕೆ ವಾಲ್ತು ಅನ್ನಿ, ತಕ್ಷಣ ಯಂತ್ರ ರೆಕ್ಕೆ ತಿರುಗಿಸಿ ನೆಟ್ಟಗೆ ಮಾಡುತ್ತೆ. ತುಂಬಿದ ಟೀ ಕಪ್ ಇಟ್ಟು ನೋಡಿ, ತುಳುಕಿದರೆ ಬಂದು ನನ್ನ ಕೇಳಿ."

ತುಳುಕಿದ ಮೇಲೆ ಕೇಳಲು ಬಂದವರೂ ಇದ್ದರು. ಅವರಿಗೆ ಕ್ಯಾಪ್ಟನ್, "ಖಾಲಿ ಹೊಟ್ಟೇಲಿ ಇದ್ರಿ ಅನ್ಸುತ್ತೆ," ಅನ್ನುತ್ತಿದ್ದರು. ಇಲ್ಲ, ಹೊಟ್ಟೆ ತುಂಬ ಉಂಡಿದ್ದೆ ಅಂದವರಿಗೆ, "ಅದೇ ನೋಡಿ ತಪ್ಪಾಗಿದ್ದು," ಅನ್ನುತ್ತಿದ್ದರು.

ಇನ್ನೊಂದು ಸತ್ಯವೂ ಅವರಿಗೆ ಗೊತ್ತಿತ್ತು. ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿರುವ ಕೋಣೆಗಳು ಎಲ್ಲಕ್ಕಿಂತ ಕಡಿಮೆ ಅಲ್ಲಾಡುತ್ತವೆ. ಮೇಲೆ ಹೋದಷ್ಟೂ, ಮೂತಿಯ ಕಡೆ ಹೋದಷ್ಟೂ ತೂಗಾಟ ಹೆಚ್ಚು. ಆದರೆ ಮೇಲಿನ ಬಾಲ್ಕನಿ ಕೋಣೆಗಳು ದುಬಾರಿ. ಹಾಗಾಗಿ ಈ ಸತ್ಯವನ್ನು ಅವರು ದುಬಾರಿ ಕೋಣೆಗಳೆಲ್ಲ ಮಾರಿಹೋದ ಮೇಲೆ ಬಂದವರಿಗೆ ಮಾತ್ರ ಹೇಳುತ್ತಿದ್ದರು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಇಂಥ ಕ್ಯಾಪ್ಟನ್ನರಿಗೆ ಬಸ್ಸು ಎರಡು ತಿರುವು ದಾಟಿದರೆ ಹೊಟ್ಟೆ ತೊಳೆಸುತ್ತಿತ್ತು. ಇದು ಅವರೊಬ್ಬರಿಗೇ ಗೊತ್ತಿದ್ದ ಗುಟ್ಟು. ಹೆಂಡತಿಗೂ ಗೊತ್ತಿರಲಿಲ್ಲ, ಯಾಕೆಂದರೆ ಮದುವೆಯಾದ ಹೊಸತರಲ್ಲೇ ಆ ಕಾಯಿಲೆಯನ್ನು ಅವರು ಹೆಂಡತಿಯ ತಲೆಗೆ ಕಟ್ಟಿಬಿಟ್ಟಿದ್ದರು. ಒಂದು ಸಲ, ಒಂದೇ ಒಂದು ಸಲ, ಜ್ವರದಲ್ಲಿದ್ದ ಆಕೆ ಬಸ್ಸಿನಲ್ಲಿ ತಲೆ ಸುತ್ತುತ್ತಿದೆ ಅಂದಿದ್ದಳು. ಅಂದಿನಿಂದ "ನಿನ್ನ ತಲೆಗೆ ಪ್ರಯಾಣ ಆಗಿಬರಲ್ಲ ಕಣೇ" ಅನ್ನುವುದು ಮನೆಯ ಕಾನೂನಾಯಿತು.

ಆಕೆ ಲಾಂಡ್ರಿಯಲ್ಲಿ ಕೆಲಸ ಮಾಡುವವಳು. ಆರು ದೊಡ್ಡ ಯಂತ್ರಗಳು ಒಟ್ಟಿಗೆ ತಿರುಗಿದರೆ ಅಲ್ಲಿನ ನೆಲ, ಗೋಡೆ, ಇಸ್ತ್ರಿ ಮೇಜು ಎಲ್ಲ ಗಡಗಡ ಅನ್ನುತ್ತವೆ. ಅದರ ನಡುವೆ ನಿಂತು ದಿನಕ್ಕೆ ಎಂಬತ್ತು ಅಂಗಿಗಳ ಕಾಲರ್ ನೆಟ್ಟಗೆ ಮಾಡುವವಳ ತಲೆ ಗಟ್ಟಿಯಿದ್ದೀತು ಎಂದು ಯಾರಿಗೂ ಹೊಳೆಯಲಿಲ್ಲ. ಆಕೆಗೂ ಹೊಳೆಯಲಿಲ್ಲ. ಹಡಗಿನ ವಿದ್ಯೆಯನ್ನೇ ಅರೆದು ಕುಡಿದ ಗಂಡ ಹೇಳಿದ ಮೇಲೆ ಮುಗಿಯಿತಲ್ಲ.

ಅದರಿಂದ ಆದ ನಷ್ಟ ಸಣ್ಣದಲ್ಲ. ಆಕೆಯ ಒಬ್ಬಳೇ ತಂಗಿ ಮದುವೆಯಾಗಿ ಒಂದು ದ್ವೀಪಕ್ಕೆ ಹೋಗಿದ್ದಳು. ದೋಣಿಯಲ್ಲಿ ನಾಲ್ಕು ಗಂಟೆಯ ದಾರಿ. ಮೊದಮೊದಲು ತಂಗಿಯೇ ಬಂದು ಹೋಗುತ್ತಿದ್ದಳು. ಮೆಟ್ಟಿಲಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಅದೂ ನಿಂತಿತು. ಒಂಬತ್ತು ವರ್ಷದಿಂದ ಅಕ್ಕತಂಗಿಯರು ಫೋನಿನಲ್ಲೇ ಮುಖ ನೋಡಿಕೊಳ್ಳುತ್ತಿದ್ದರು. "ಒಂದ್ಸಲ ಬಾರೇ ಅಕ್ಕ" ಅಂತ ತಂಗಿ ಕರೆದಾಗಲೆಲ್ಲ ಆಕೆ, "ನನ್ನ ತಲೆ ಕೇಳಬೇಕಲ್ಲ," ಅನ್ನುತ್ತಿದ್ದಳು. ಪಕ್ಕದಲ್ಲೇ ಕೂತ ಕ್ಯಾಪ್ಟನ್ ಪತ್ರಿಕೆಯ ಹಿಂದೆ ಮುಖ ಅಡಗಿಸಿಕೊಳ್ಳುತ್ತಿದ್ದರು. ಅವರ ಉಳಿದ ಸುಳ್ಳುಗಳಿಗೆ ನಕ್ಕುಬಿಡಬಹುದು. ಇದೊಂದಕ್ಕೆ ಸಿಟ್ಟು ಬರುತ್ತದೆ.

ಹೀಗಿರುವಾಗ ಕಚೇರಿಗೆ ಹೊಸ ಮ್ಯಾನೇಜರ್ ಬಂದರು. ಹಡಗಿನ ಟಿಕೆಟ್ ಮಾರುವವರು ಈ ವರ್ಷ ಒಮ್ಮೆ ಹಡಗಿನಲ್ಲಿ ಹೋಗಿ ಬರಲೇಬೇಕು, ಹೋಗದವರು ಬಸ್ ಟಿಕೆಟ್ಟಿನ ಕೌಂಟರಿಗೆ, ಎಂದು ಹೇಳಿ ಗಂಡಹೆಂಡತಿ ಇಬ್ಬರಿಗೂ ನಾಲ್ಕು ದಿನದ ಟಿಕೆಟ್ ಕೊಟ್ಟರು.

"ನಿಮಗೆ ಇದು ಎಷ್ಟನೇ ಸಲ ಕ್ಯಾಪ್ಟನ್?"

"ಲೆಕ್ಕ ಇಟ್ಟಿಲ್ಲ ಸಾರ್."

ಯಾವ ಕೋಣೆ ಬೇಕು ಎಂದಾಗ 'ಕೆಳಗೆ, ನಡುವೆ' ಎಂದು ಬಾಯಿ ತುದಿಗೆ ಬಂದಿತ್ತು. ಆದರೆ ಕಚೇರಿಯವರೆಲ್ಲ ಕಿವಿ ನಿಮಿರಿಸಿಕೊಂಡು ಕೂತಿದ್ದರು. ಕ್ಯಾಪ್ಟನ್ ಎದೆ ಉಬ್ಬಿಸಿ, "ಹನ್ನೆರಡನೇ ಅಂತಸ್ತು, ಮೂತಿ ಕಡೆ, ಬಾಲ್ಕನಿ ಇರೋದು," ಅಂದುಬಿಟ್ಟರು. ಊರವರಿಗೆ ತೋಡಿದ ಗುಂಡಿಗೆ ಬೀಳಲು ಅವರಿಗೂ ಒಂದು ಸರದಿ ಬೇಕಿತ್ತಲ್ಲ.

ಮನೆಯಲ್ಲಿ ಹೆಂಡತಿ ಕೇಳಿದ್ದು ಒಂದೇ ಮಾತು. "ರೀ, ಅದು ದ್ವೀಪದ ಹತ್ರ ನಿಲ್ಲುತ್ತಾ?"

"ನಿಲ್ಲುತ್ತೆ. ಊರೂರು ಸುತ್ತಿಕೊಂಡು ಮೂರನೇ ದಿನ ಅಲ್ಲಿಗೆ, ಬೆಳಿಗ್ಗೆಯಿಂದ ಸಂಜೆವರೆಗೆ."

ಆಕೆ ಮಂಚದ ಮೇಲೆ ಕೂತುಬಿಟ್ಟಳು. "ನನ್ನ ತಲೆ ತಡೆಯುತ್ತೇನ್ರೀ?"

"ದೊಡ್ಡ ಹಡಗು, ರೆಕ್ಕೆ ಬೇರೆ ಇದೆ. ತಡೆಯುತ್ತೆ."

ಆಕೆ ಅದನ್ನೂ ನಂಬಿದಳು. ತಂಗಿಗೆ ಫೋನ್ ಮಾಡಿದಳು. ಗಾಲಿಕುರ್ಚಿಯಲ್ಲಿ ದೋಣಿಕಟ್ಟೆಗೇ ಬಂದು ಕಾಯುತ್ತೇನೆ ಅಂದಳು ತಂಗಿ.

ಮೊದಲ ದಿನ ಕಡಲು ಹಾಸಿದ ಚಾಪೆಯಂತಿತ್ತು. ಕ್ಯಾಪ್ಟನ್ ಮೂರು ಮೇಜು ತಿರುಗಿ, ಗುರುತು ಪರಿಚಯ ಇಲ್ಲದವರಿಗೆಲ್ಲ ರೆಕ್ಕೆಯ ಪಾಠ ಮಾಡಿದರು. ಎರಡನೇ ದಿನ ಮಧ್ಯಾಹ್ನ ಎದುರಿನಿಂದ ಗಾಳಿ ಎದ್ದಿತು. ರೆಕ್ಕೆ ತಡೆಯುವುದು ಪಕ್ಕಕ್ಕೆ ವಾಲುವುದನ್ನು. ಮೂತಿ ಏಳುವುದು ಬೀಳುವುದು ಅದರ ಕೈಯಲ್ಲಿಲ್ಲ. ಹನ್ನೆರಡನೇ ಅಂತಸ್ತು ಎದ್ದಿತು, ಬಿದ್ದಿತು. ಕ್ಯಾಪ್ಟನ್ನರ ಹೊಟ್ಟೆ ಎದ್ದಿತು, ಬೀಳುವುದನ್ನು ಮರೆತಿತು.

"ನಿನಗೆ ಹೇಗಿದೆ? ತಲೆ ಸುತ್ತುತ್ತಿದೆಯಾ?" ಎಂದು ಬಕೆಟ್ಟಿನಿಂದ ಮುಖ ಎತ್ತಿ ಕೇಳಿದರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

"ಕಾಯ್ತಾ ಇದೀನಿ. ಇನ್ನೂ ಬಂದಿಲ್ಲ," ಅಂದಳು ಆಕೆ. "ಹಸಿವಾಗ್ತಿದೆ. ನೀವು ತಿಂದಿದ್ದೇನಾದರೂ ಆಗಲಿಲ್ವಾ?"

ಮೂರನೇ ದಿನ ಬೆಳಿಗ್ಗೆ ದ್ವೀಪ ಕಂಡಿತು. ಅಲ್ಲಿನ ಬಂದರು ಸಣ್ಣದು, ಹಡಗು ದೊಡ್ಡದು, ಒಳಗೆ ಹಿಡಿಸುವುದಿಲ್ಲ. ಹೊರಗೆ ಲಂಗರು ಹಾಕಿ, ಸಣ್ಣ ದೋಣಿಗಳಲ್ಲಿ ಜನರನ್ನು ದಡಕ್ಕೆ ಬಿಡುತ್ತಾರೆ. ಹಡಗು ನಿಂತಿತು. ಪಕ್ಕದಿಂದ ಉದ್ದನೆಯ ಅಲೆಗಳು ಬಂದವು. ಇಡೀ ಹಡಗು ನಿಧಾನಕ್ಕೆ ಎಡಕ್ಕೆ, ಯೋಚಿಸಿ ಯೋಚಿಸಿ ಬಲಕ್ಕೆ ತೂಗತೊಡಗಿತು.

"ರೆಕ್ಕೆ ಕೆಟ್ಟುಹೋಗಿದೆ! ಯಾರಿಗಾದರೂ ಹೇಳಿ!" ಎಂದು ಕ್ಯಾಪ್ಟನ್ ಕೂಗಿದರು.

ಇಂಜೆಕ್ಷನ್ ಹಿಡಿದು ಬಂದ ಹಡಗಿನ ನರ್ಸ್ ನಕ್ಕಳು. "ಕೆಟ್ಟಿಲ್ಲ ಸಾರ್. ಹಡಗು ಓಡ್ತಿದ್ರೆ ತಾನೇ ರೆಕ್ಕೆಗೆ ನೀರು ಒತ್ತೋದು? ನಿಂತ ಹಡಗಿಗೆ ರೆಕ್ಕೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಟಿಕೆಟ್ ಮಾರಿದವರು ಹೇಳಲಿಲ್ವಾ?"

ಕ್ಯಾಪ್ಟನ್ ಬಕೆಟ್ಟನ್ನು ಹತ್ತಿರಕ್ಕೆ ಎಳೆದುಕೊಂಡರು. ನರ್ಸ್ ಕಾಗದ ತೆಗೆದಳು. "ನಿಜ ಹೇಳಿ, ಅದರ ಮೇಲೆ ಔಷಧ ಕೊಡಬೇಕು. ಈ ತೊಂದರೆ ಹಿಂದೆಯೂ ಇತ್ತಾ?"

ಹೆಂಡತಿ ತಲೆ ಬಾಚಿಕೊಂಡು ಬಾಗಿಲ ಹತ್ತಿರ ನಿಂತಿದ್ದಳು. ಕ್ಯಾಪ್ಟನ್ ಆಕೆಯನ್ನು ನೋಡಿದರು, ಸೂಜಿಯನ್ನು ನೋಡಿದರು. ಹಡಗು ಮತ್ತೊಮ್ಮೆ ಬಲಕ್ಕೆ ವಾಲಿತು.

"ಇತ್ತು. ಚಿಕ್ಕಂದಿನಿಂದ. ಬಸ್ಸಲ್ಲೂ ಆಗುತ್ತೆ."

ನರ್ಸ್ ಚುಚ್ಚಿ, ಬರೆದುಕೊಂಡು ಹೋದಳು. ಹೆಂಡತಿ ಬಾಗಿಲು ಬಿಟ್ಟು ಹತ್ತಿರ ಬಂದಳು.

"ಹಾಗಾದ್ರೆ ನನ್ನ ತಲೆ?"

"ನಿನ್ನ ತಲೆಗೆ ಏನೂ ಇಲ್ಲ."

"ಯಾವತ್ತೂ ಇರಲಿಲ್ವಾ?"

"ಇರಲಿಲ್ಲ. ನಿನ್ನ ಜೊತೆ ನಾನೂ ಬರಬೇಕಾಗುತ್ತಲ್ಲ ಅಂತ ಹೆದರಿಕೆ. ನನ್ನ ಮರ್ಯಾದೆ ಹೋಗುತ್ತೆ ಅಂತ."

ಆಕೆ ಬೈಯಲಿಲ್ಲ. ಬೈದಿದ್ದರೆ ಕ್ಯಾಪ್ಟನ್ನರಿಗೆ ಹಗುರಾಗುತ್ತಿತ್ತು. ನೀರಿನ ಬಾಟಲಿಯನ್ನು ಅವರ ಕೈಗೆ ಎಟುಕುವಂತೆ ಇಟ್ಟು, ಚೀಲ ಹೆಗಲಿಗೇರಿಸಿದಳು.

"ಸಣ್ಣ ದೋಣಿ ಕಣೇ," ಅಂದರು ಕ್ಯಾಪ್ಟನ್, ಹುಟ್ಟುಗುಣ ಬಿಡದೆ. "ತುಂಬಾ ಅಲ್ಲಾಡುತ್ತೆ."

"ಅಲ್ಲಾಡಲಿ," ಅಂದು ಹೋದಳು.

ಸಂಜೆ ಐದಕ್ಕೆ ಕೊನೆಯ ದೋಣಿ ಬಂತು. ಕ್ಯಾಪ್ಟನ್ ಬಾಲ್ಕನಿಯ ಕಂಬಿ ಹಿಡಿದು ಇಳಿದವರನ್ನೆಲ್ಲ ಒಬ್ಬೊಬ್ಬರಾಗಿ ನೋಡಿದರು. ಆಕೆ ಇರಲಿಲ್ಲ. ಫೋನ್ ಬಂತು.

"ನಾನು ಒಂದು ತಿಂಗಳು ಇಲ್ಲೇ ಇರ್ತೀನಿ ರೀ. ಹಡಗಿನವರಿಗೆ ಹೇಳಿದೀನಿ. ಲಾಂಡ್ರಿಯವರಿಗೂ ಹೇಳಿದೀನಿ. ಆಮೇಲೆ ದೋಣೀಲಿ ಬರ್ತೀನಿ."

"ಅಷ್ಟು ದೂರ ಒಬ್ಬಳೇ ಬರ್ತೀಯಾ?"

ಆ ಕಡೆಯಿಂದ ಇಬ್ಬರು ಹೆಂಗಸರು ಒಟ್ಟಿಗೆ ಮೂಗು ಸೀಟಿದ್ದು ಕೇಳಿಸಿತು. "ಒಂಬತ್ತು ವರ್ಷದಿಂದ ಒಬ್ಬಳೇ ಬರಬಹುದಿತ್ತು," ಅಂದಳು ಆಕೆ.

ಲಂಗರು ಎತ್ತಿದರು. ಹಡಗು ಓಡತೊಡಗಿತು, ನೀರೊಳಗಿನ ರೆಕ್ಕೆಗಳಿಗೆ ಮತ್ತೆ ಕೆಲಸ ಸಿಕ್ಕಿತು, ತೂಗಾಟ ತಗ್ಗಿತು. ಕ್ಯಾಪ್ಟನ್ನರ ಹೊಟ್ಟೆ ಎರಡು ದಿನದಲ್ಲಿ ಮೊದಲ ಸಲ ನೆಟ್ಟಗಾಯಿತು. ಅವರು ಎದ್ದು ಕೂತು, ಪಕ್ಕದ ಖಾಲಿ ಹಾಸಿಗೆಯನ್ನು ನೋಡಿ ಅತ್ತರು.