ಮೂವತ್ತೆರಡು ಡಿಗ್ರಿಯ ಹಟ

ಜೀವಕೋಶಗಳನ್ನು ಸಾಕಿ, ಅವುಗಳಿಂದ ಔಷಧದ ಪ್ರೋಟೀನು ಮಾಡಿಸಿಕೊಳ್ಳುವ ವಿದ್ಯೆಯಲ್ಲಿ ನಮ್ಮ ಜಿಲ್ಲೆಗೆ ಹೆಸರು ತಂದವರು ಯಾರೆಂದು ಕೇಳಿದರೆ, ನವಲಗುಂದದಲ್ಲಿ ಜಮಖಾನ ನೇಯುವ ಖಾಸಿಂಬಿಯವರ ಮಗಳು ಡಾ. ನಾಜಮೀನ್ ಅವರನ್ನೇ ಮೊದಲು ನೆನೆಯಬೇಕು. ಕಲಘಟಗಿ ರಸ್ತೆಯ ಔಷಧ ಸಂಸ್ಥೆಯಿಂದ ಅವರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಶಾಲು ಹೊದಿಸುವವರು ಸಾಲುಗಟ್ಟಿ ನಿಂತಿದ್ದಾರೆ, ಹೊದಿಸಲಿ. ಆದರೆ ಅವೇ ಕೈಗಳು ಹಿಂದೆ ಮಾಡಿದ್ದನ್ನು ಬಿಟ್ಟು ಬರೆದರೆ ಅದು ಅಭಿನಂದನೆಯಲ್ಲ, ಬಿರುಕಿಗೆ ಸುಣ್ಣ ಬಳಿಯುವ ಕೆಲಸ.

ಗಾಯವಾದರೆ ರಕ್ತ ನಿಲ್ಲದ ಕಾಯಿಲೆಯ ಮಕ್ಕಳಿಗಾಗಿ, ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನನ್ನು ಈ ಸಂಸ್ಥೆ ತಯಾರಿಸುತ್ತದೆ. ಹ್ಯಾಮ್‌ಸ್ಟರ್ ಎಂಬ ಇಲಿಯಂಥ ಪ್ರಾಣಿಯ ಜೀವಕೋಶಗಳು ಉಕ್ಕಿನ ತೊಟ್ಟಿಯಲ್ಲಿ ಮೈಬಿಸಿಯಷ್ಟು ಶಾಖದಲ್ಲಿ ಬೆಳೆಯುತ್ತವೆ. ನಾಜಮೀನ್ ಸೇರಿದಾಗ ಇಳುವರಿ ಹೇಳಿಕೊಳ್ಳುವಂತಿರಲಿಲ್ಲ. ಕೋಶಗಳು ತೊಟ್ಟಿ ತುಂಬಿದ ಮೇಲೆ ಶಾಖವನ್ನು ಮೂವತ್ತೇಳರಿಂದ ಮೂವತ್ತೆರಡು ಡಿಗ್ರಿಗೆ ಇಳಿಸಿ, ಆಹಾರವನ್ನು ಒಮ್ಮೆಲೇ ಸುರಿಯದೆ ತುಸುತುಸುವೇ ಉಣಿಸಿದರೆ, ಅವು ಸಂತತಿ ಬೆಳೆಸುವ ಗಡಿಬಿಡಿ ಬಿಟ್ಟು ಪ್ರೋಟೀನಿನ ಎಳೆಯನ್ನು ಸರಿಯಾದ ಆಕಾರಕ್ಕೆ ಮಡಿಸಿ ಕೊಡುತ್ತವೆಂದು ಅವರು ತೋರಿಸಿದರು. “ಬಾಣಂತಿನ್ನ ಥಂಡ್ಯಾಗ ಕುಂದರಿಸಿ ಹಾಲು ಕೇಳಿದಂಗಾತಲ್ರಿ!” ಎಂದು ನಕ್ಕವರೇ ಇಳುವರಿ ಇಮ್ಮಡಿಸಿದಾಗ ಫೋಟೋದ ಮುಂದಿನ ಸಾಲಿಗೆ ಬಂದರು.

ಅವರ ಕೈಕೆಳಗೆ ಹೊಸದಾಗಿ ಬಂದ ಅಣ್ಣಿಗೇರಿಯ ಹುಲಿಗೇಶನ ಅಜಾಗರೂಕತೆಯಿಂದ ಒಂದು ತೊಟ್ಟಿಗೆ ಸೂಕ್ಷ್ಮಾಣು ಹೊಕ್ಕು ಎಲ್ಲವೂ ಕೆಟ್ಟಾಗ, ಅವರು ಬಯ್ಯಲಿಲ್ಲ; ತಾವೂ ತೋಳೇರಿಸಿ ತಿಕ್ಕಲು ನಿಂತರು. “ಅಳಬ್ಯಾಡಲೇ ತಮ್ಮಾ, ಈ ತೊಟ್ಟಿ ನೀರಾಗ ಮೊದಲೇ ಉಪ್ಪು ಐತಿ, ನಿನ್ನ ಕಣ್ಣೀರಿಂದು ಬ್ಯಾರೆ ಬ್ಯಾಡ” ಎಂದು ಅವನನ್ನು ನಗಿಸಿದರು.

ಆರು ವರ್ಷದ ಹಿಂದೆ ಅವರು ರಜೆಯಲ್ಲಿದ್ದಾಗ, ಗಡುವು ಮೀರುತ್ತದೆಂದು ನಿರ್ದೇಶಕ ಬಸವಣ್ಣೆಪ್ಪನವರು ಶಾಖ ಇಳಿಸಗೊಡದೆ ಆಹಾರ ಸುರಿಸಿದರು. ಪ್ರೋಟೀನು ಬೇಗ ಬಂತು, ಆದರೆ ಸರಿಯಾಗಿ ಮಡಿಸಿಕೊಳ್ಳದೆ ಗಂಟುಗಂಟಾಗಿ. ಅಂಥದ್ದು ಮೈಗೆ ಸೇರಿದರೆ ದೇಹ ಔಷಧವನ್ನೇ ವೈರಿಯೆಂದು ಬಗೆದು, ಮುಂದೆ ಒಳ್ಳೆಯ ಔಷಧವೂ ನಾಟದಂತಾಗಬಹುದು. ರಜೆ ಮುಗಿಸಿ ಬಂದ ನಾಜಮೀನ್ ಸಹಿಯಿಲ್ಲದೆ ಔಷಧ ಹೊರಗೆ ಹೋಗುವಂತಿರಲಿಲ್ಲ.

“ಸೋಸಿ ಕಳಸೂಣು ಮೇಡಂ, ಸಹಿ ಮಾಡ್ರಿ” ಎಂದರು ಬಸವಣ್ಣೆಪ್ಪನವರು.

“ಸೋಸಿದ್ದರಾಗ ಮತ್ತ ಗಂಟು ಕಟ್ಟಾಕತ್ತಾವ್ರಿ ಸಾಹೇಬ್ರ. ನಾ ಮಾಡಂಗಿಲ್ರಿ.”

“ನಿಮ್ಮೊಬ್ಬರ ಸಲುವಾಗಿ ಕಂಪನಿ ನಿಂದರಬೇಕೇನ್ರಿ?”

“ನಿಂದರ್ಲಿ ಬಿಡ್ರಿ. ಕೂಸಿನ ನರದಾಗ ಹೋಗೂದೈತಿ ಇದು.”

ಆ ಔಷಧ ಹೊರಗೆ ಹೋಗಲಿಲ್ಲ. ಹೋದದ್ದು ನಾಜಮೀನ್, ಗೋದಾಮಿಗೆ. ಸೂಕ್ಷ್ಮದರ್ಶಕದಲ್ಲಿ ಕೋಶದ ಸಂಕಟವನ್ನು ಓದಬಲ್ಲ ಕಣ್ಣುಗಳನ್ನು ಅಂದಿನಿಂದ ಇಂದಿನವರೆಗೂ ಖಾಲಿ ರಟ್ಟಿನ ಡಬ್ಬಿಗಳ ಕಾವಲಿಗೆ ಹಚ್ಚಿದರು. ದೊಡ್ಡ ದೊಡ್ಡ ಪದವಿಯವರು ಅಷ್ಟು ಮಂದಿ ಇದ್ದರಲ್ಲ, ಒಬ್ಬರಾದರೂ ಬಾಯಿ ಬಿಡಬೇಡವೇ? ಈಗಿನ ಬೀಳ್ಕೊಡುಗೆಯ ಆಮಂತ್ರಣದಲ್ಲಿ ಮೂವತ್ತೆರಡು ಡಿಗ್ರಿಯ ವಿಧಾನ “ಆಡಳಿತ ಮಂಡಳಿಯ ದೂರದೃಷ್ಟಿಯ ಫಲ” ಎಂದು ಅಚ್ಚಾಗಿದೆ. ದೂರದೃಷ್ಟಿಯಂತೆ! ಎದುರಿಗಿದ್ದ ಗಂಟು ಕಾಣದವರಿಗೆ!

ಸಮಾರಂಭಕ್ಕೆ ಕರೆಯಲು ಮೊನ್ನೆ ಬಸವಣ್ಣೆಪ್ಪನವರೇ ನವಲಗುಂದಕ್ಕೆ ಬಂದು, “ನಿಮಗೇನು ಕೊಡೂಣು ಹೇಳ್ರಿ ಮೇಡಂ” ಎಂದರು.

ನಾಜಮೀನ್ ಚಹಾದ ಕಪ್ಪು ಅವರ ಮುಂದಿಟ್ಟರು. “ಈಗ ನನ್ನ ಜಾಗಾದಾಗ ಸಹಿ ಮಾಡಾವ ಹುಲಿಗೇಶ. ನಾಳಿ ಅಂವ ‘ಬ್ಯಾಡ’ ಅಂದ್ರ, ಅವನ್ನ ಎಲ್ಲಿಗೂ ಕಳಸಬ್ಯಾಡ್ರಿ. ಅಷ್ಟ ಸಾಕು.”

ಬಸವಣ್ಣೆಪ್ಪನವರು ಚಹಾ ಕುಡಿದರು, ಬಿಸಿಲಿನ ಮಾತಾಡಿದರು, ಎದ್ದು ಹೋದರು. ಹೂಂ ಅನ್ನಲಿಲ್ಲ.

ಡಾ. ನಾಜಮೀನ್ ಅವರಿಗೆ ದೇವರು ತುಂಬು ಆಯುಷ್ಯ, ಗಟ್ಟಿ ಕಾಲು, ಅದಕ್ಕಿಂತ ಗಟ್ಟಿ ದನಿ ಕೊಡಲಿ. ಆ ‘ಹೂಂ’ ಬರುವ ತನಕ ಅವರು ಕೇಳುತ್ತಲೇ ಇರಬೇಕಲ್ಲ.