ಏಳನೆಯ ವಿಷಯ: ತರಬೇತುದಾರ

ಇಂದು ಬೆಳಿಗ್ಗೆ ಅಂಚೆಯಲ್ಲಿ ಬಂದ ಲಕೋಟೆಯನ್ನು ಒಡೆಯುವ ಮೊದಲು ಮೂಗಿಗೆ ಹಿಡಿದೆ. ಎದುರು ಮನೆಯ ಹೆಂಗಸು ಆಗಲೇ ಬಾಗಿಲು ತೆರೆಯಬೇಕೆ! ಕನ್ನಡಕ ಹಾಕಿಕೊಂಡ ಗಂಭೀರ ಭಾರತೀಯನೊಬ್ಬ ಮೆಟ್ಟಿಲ ಬಳಿ ನಿಂತು ಕಾಗದ ಮೂಸುತ್ತಿದ್ದಾನೆ. ಆಕೆ ಈ ದೇಶದ ಸಭ್ಯತೆಯಂತೆ ಏನನ್ನೂ ಕಾಣದವಳ ಹಾಗೆ "ಹೇ" ಎಂದು ಇಳಿದುಹೋದಳು. ನಾನು ಇನ್ನೊಮ್ಮೆ ಮೂಸಿದೆ. ಬರೀ ಕಾಗದದ ವಾಸನೆ. ನಾಲ್ಕು ವರ್ಷ ಪ್ರತಿ ಮಾರ್ಚಿನಲ್ಲೂ ಇದೇ ಬಿಳಿ ಲಕೋಟೆ ಬಂದಿತ್ತು, ನಾಲ್ಕು ಸಲವೂ ಅದರಿಂದ ಡಾಂಬರಿನ ವಾಸನೆ ಬರುತ್ತಿತ್ತು. ಇಂದು ಬರಲಿಲ್ಲ.

ರಸ್ತೆಯ ಡಾಂಬರಲ್ಲ ಮತ್ತೆ. ಪೈನ್ ಮರ ಸುಟ್ಟು ತೆಗೆಯುವ ಡಾಂಬರು. ಸ್ವೀಡನ್ನಿನವರು ಅದನ್ನು ದೋಣಿಗೆ ಬಳಿಯುತ್ತಾರೆ, ಅದರಿಂದ ಸೋಪು ಮಾಡುತ್ತಾರೆ, ಸಾಲದ್ದಕ್ಕೆ ಕಪ್ಪು ಮಿಠಾಯಿ ಮಾಡಿ ಚೀಪುತ್ತಾರೆ. ಒಮ್ಮೆ ನಾನೂ ಒಂದು ಬಾಯಿಗೆ ಹಾಕಿಕೊಂಡೆ. ಹಳೆಯ ಕಿಟಕಿಯ ಚೌಕಟ್ಟನ್ನು ನೆಕ್ಕಿದ ಹಾಗಿತ್ತು. ಕೊಟ್ಟವರು ನಮ್ಮ ತರಬೇತುದಾರ ಬರ್ಟಿಲ್. ಉಗುಳಲಾರದೆ ನುಂಗಲಾರದೆ ನಿಂತ ನನ್ನನ್ನು ನೋಡಿ ಅವರು ಮನಸಾರೆ ನಕ್ಕಿದ್ದರು.

ಆಗ ನಾನು ಯೋನ್‌ಶೋಪಿಂಗಿನಲ್ಲಿದ್ದೆ. ಇನ್ನೂ ಬಟನ್ ಒತ್ತುವ ಮೊಬೈಲುಗಳ ಕಾಲ. ಊರ ತುದಿಯಲ್ಲಿ ವೆಟ್ಟರ್ನ್ ಸರೋವರ, ಅದರ ದಂಡೆಗೆ ಒಂದು ಮೈದಾನ, ಮೈದಾನದ ಪಕ್ಕ ಮರದ ಒಂದು ಕೋಣೆ: ಇಷ್ಟೇ ನಮ್ಮ ರಗ್ಬಿ ಲೀಗ್ ಕ್ಲಬ್ಬು. ರಗ್ಬಿ ಲೀಗೆಂದರೆ ಹದಿಮೂರು ಜನರ ಆಟ. ಚೆಂಡು ಹಿಡಿದು ಓಡುವವನನ್ನು ತಬ್ಬಿ ಕೆಡವಬೇಕು; ಆರನೆಯ ಸಲ ಕೆಡವಿದ ಮೇಲೆ ಚೆಂಡು ಎದುರಾಳಿಗೆ ಹೋಗುತ್ತದೆ. ನೋಡಿದ ಮೊದಲ ದಿನವೇ ಇದು ನಮ್ಮ ಕಬಡ್ಡಿಯ ದೂರದ ನೆಂಟ ಎಂದು ನನಗನ್ನಿಸಿತು. ನಾನು ಕಾಲೇಜಿನಲ್ಲಿ ಕಬಡ್ಡಿ ತಂಡದಲ್ಲಿದ್ದವನು. ತಂಡದಲ್ಲಿದ್ದೆ ಎಂದೆನೇ ಹೊರತು ಆಡಿದೆ ಎನ್ನಲಿಲ್ಲ, ಗಮನಿಸಿ.

ನಾನು ಆ ಕ್ಲಬ್ಬಿನ ಕಾರ್ಯದರ್ಶಿಯಾದದ್ದು ಬಾಯಿ ಮುಚ್ಚಿಕೊಂಡಿದ್ದಕ್ಕೆ. ಈ ದೇಶದಲ್ಲಿ ನಾಲ್ಕು ಜನ ಸೇರಿದರೆ ಒಂದು ಸಂಘ, ಸಂಘವಿದ್ದರೆ ವಾರ್ಷಿಕ ಸಭೆ, ಸಭೆಯಿದ್ದರೆ ಅಧ್ಯಕ್ಷರ ಕೈಯಲ್ಲಿ ಮರದ ಸುತ್ತಿಗೆ. "ಸಭೆ ಒಪ್ಪುತ್ತದೆಯೇ?" ಎಂದು ಅಧ್ಯಕ್ಷರು ಕೇಳುತ್ತಾರೆ. ಎಲ್ಲರೂ "ಯಾ" ಎನ್ನುತ್ತಾರೆ. "ಯಾರದಾದರೂ ವಿರೋಧ ಇದೆಯೇ?" ಆಗ ಎಲ್ಲರೂ ಸುಮ್ಮನಿರುತ್ತಾರೆ, ಸುತ್ತಿಗೆ ಬೀಳುತ್ತದೆ, ಅಲ್ಲಿಗೆ ಮುಗಿಯಿತು. ನನ್ನ ಹೆಸರು ಬಂದಾಗ ದೊಡ್ಡವರೆದುರು ಒಲ್ಲೆ ಎನ್ನುವುದು ಹೇಗೆಂದು ನಾನು ಇನ್ನೂ ಸಂಕೋಚಪಡುತ್ತಿದ್ದೆ. ಅಷ್ಟರಲ್ಲಿ ಟಪ್ ಎಂದಿತು.

ಅಧ್ಯಕ್ಷೆ ಗುನ್ನೆಲ್, ತರಬೇತುದಾರರು ಆಕೆಯ ಗಂಡ ಬರ್ಟಿಲ್. ಅರವತ್ತು ದಾಟಿದ ಅವರನ್ನು ಬರೀ ಹೆಸರು ಹಿಡಿದು ಕರೆಯಲು ನನಗೆ ಆರು ತಿಂಗಳು ಬೇಕಾದವು. ಕೊರಳಲ್ಲಿ ಹಿತ್ತಾಳೆಯ ಸೀಟಿ, ಬಾಯಲ್ಲಿ ಡಾಂಬರಿನ ಮಿಠಾಯಿ. ಅಭ್ಯಾಸ ಶುರುವಾಗಲು ಒಂದು ಗಿಡ್ಡ ಸೀಟಿ, ಮುಗಿಯಲು ಎರಡು ಉದ್ದ ಸೀಟಿ. ತಂಡದ ಹದಿಮೂರನೆಯವನು ಸುಹಾಸ: ರಾಜಧಾನಿಯ ಪಕ್ಕದ ಸೋಲ್ನಾದಲ್ಲಿ ಬೆಳೆದ ಮೈಸೂರು ಕಡೆಯವರ ಮಗ, ಇಪ್ಪತ್ತೆರಡು ವರ್ಷ, ಯೋನ್‌ಶೋಪಿಂಗಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ. ತಂಡದಲ್ಲಿ ನಿಜವಾಗಿ ಆಟ ಬರುತ್ತಿದ್ದದ್ದು ಅವನೊಬ್ಬನಿಗೇ. ಬರ್ಟಿಲ್‌ಗೆ ಅವನೆಂದರೆ ಪ್ರಾಣ.

ಆಟಗಾರರಿಗೆ ಕರಾರು ಪತ್ರ ಬರೆದುಕೊಡು ಎಂದು ಬರ್ಟಿಲ್ ಕೇಳಿದಾಗ ನಾನು ನಮ್ಮ ಜನ ಮಾಡುವುದನ್ನೇ ಮಾಡಿದೆ. ಆಫೀಸಿನಲ್ಲಿ ನಾನೇ ಸಹಿ ಹಾಕಿದ್ದ ಕನ್ಸಲ್ಟೆಂಟ್ ಕರಾರನ್ನು ತೆರೆದು, ಮ್ಯಾನೇಜರ್ ಎಂದಿದ್ದಲ್ಲೆಲ್ಲ ತರಬೇತುದಾರ ಎಂದು ಬದಲಿಸಿ, ಪ್ರಿಂಟ್ ತೆಗೆದೆ. ಅದರಲ್ಲೊಂದು ಷರತ್ತು ಹಾಗೆಯೇ ಉಳಿದುಕೊಂಡಿತು. ತರಬೇತುದಾರ ಸಹಿ ಹಾಕಿ ಬಿಟ್ಟುಕೊಟ್ಟರೆ, ಅಥವಾ ಆ ಹುದ್ದೆ ಖಾಲಿಯಾದರೆ ಮಾತ್ರ ಆಟಗಾರ ಬೇರೆ ಕ್ಲಬ್ಬಿಗೆ ಹೋಗಬಹುದು. ಅಲ್ಲಿಯವರೆಗೆ ಕರಾರು ವರ್ಷವರ್ಷವೂ ತಾನೇ ಮುಂದುವರಿಯುತ್ತದೆ. ಎಂಥ ಚೊಕ್ಕ ವಾಕ್ಯ ಎಂದು ಆಗ ಬೀಗಿದ್ದೆ.

ವೆಟ್ಟರ್ನ್ ಪೂರ್ತಿ ಹೆಪ್ಪುಗಟ್ಟುವುದು ಅಪರೂಪ. ಆ ಫೆಬ್ರವರಿಯಲ್ಲಿ ಹೆಪ್ಪುಗಟ್ಟಿತು. ಒಂದು ಭಾನುವಾರ ಬೆಳಿಗ್ಗೆ ಬರ್ಟಿಲ್ ಸ್ಕೇಟ್ ಕಟ್ಟಿಕೊಂಡು ಮಂಜುಗಡ್ಡೆಯ ಮೇಲೆ ಹೋದರು. ಜೊತೆಗೆ ಹೋಗಬೇಕಿದ್ದವನು ಸುಹಾಸ, ಅವನಿಗೆ ಎಚ್ಚರವಾಗಲಿಲ್ಲ. ಆಮೇಲೆ ಸಿಕ್ಕಿದ್ದು ಒಂದು ಉಣ್ಣೆಯ ಟೋಪಿ ಮಾತ್ರ. ದೇಹ ಸಿಗಲಿಲ್ಲ, ಕೊರಳಲ್ಲಿದ್ದ ಸೀಟಿಯೂ ಸಿಗಲಿಲ್ಲ.

ಎರಡು ವಾರ ಕಳೆದ ಮೇಲೆ ಸುಹಾಸ ನನ್ನ ಮನೆಗೆ ಬಂದ. ಚಹಾ ಮುಟ್ಟಲಿಲ್ಲ.

"ಅಂಕಲ್, ಸೋಲ್ನಾ ಕ್ಲಬ್ಬಿನೋರು ಬಾ ಅಂತಿದಾರೆ. ಪ್ಲೀಸ್, ಕೋಚ್ ಪೋಸ್ಟ್ ಖಾಲಿ ಅಂತ ಬರೀರಿ. ನಂಗಿಲ್ಲಿ ಆಡೋಕಾಗಲ್ಲ."

"ಯಾಕೋ?"

"ಫಾಗ್ ಬಿದ್ದಾಗ ಸೀಟಿ ಕೇಳ್ಸುತ್ತೆ. ಲೇಕ್ ಕಡೆಯಿಂದ. ಆವತ್ತು ಬರ್ಲಿಲ್ಲ ಅಂತ ನನ್ನೇ ಕರೀತಿದಾರೆ ಅನ್ಸುತ್ತೆ."

ಅದೆಲ್ಲ ಮನಸ್ಸಿನ ಆಟ ಎಂದು ನಾಲ್ಕು ಬುದ್ಧಿಮಾತು ಹೇಳಿದೆ. ಅವನು ಕೇಳಿಸಿಕೊಂಡು, "ಬರ್ಟಿಲ್ ಇನ್ನಿಲ್ಲ ಅಂತ ಗುನ್ನೆಲ್ ಮುಖ ನೋಡ್ಕೊಂಡು ನಂಗೆ ಹೇಳೋಕಾಗಲ್ಲ. ಮೀಟಿಂಗಲ್ಲಿ ನೀವು ಹೇಳ್ತೀರಾ?" ಎಂದ. ಹೇಳುತ್ತೇನೆ ಎಂದು ಮಾತು ಕೊಟ್ಟೆ.

ಸಭೆಗೆ ಮೊದಲು ಚೌಕಾಸಿ ನಡೆಯಿತು. ಸುಹಾಸ ಹೋದರೆ ಉಳಿಯುವುದು ಹನ್ನೆರಡು ಜನ, ಅಂದರೆ ಕ್ಲಬ್ಬು ಮುಚ್ಚಿದಂತೆಯೇ. ಕ್ಲಬ್ಬಿನವರು ನಾಯಕನ ಪಟ್ಟ ಕೊಡುತ್ತೇವೆ ಎಂದರು, ಪರೀಕ್ಷೆಯ ತಿಂಗಳು ಅಭ್ಯಾಸಕ್ಕೆ ಬರುವುದು ಬೇಡ ಎಂದರು, ಮೈದಾನದ ಹತ್ತಿರವೇ ಬಾಡಿಗೆ ಕೋಣೆ ಹುಡುಕಿಕೊಡುತ್ತೇವೆ ಎಂದರು. ಪ್ರತಿಯೊಂದಕ್ಕೂ ಸುಹಾಸ ತಲೆ ತಗ್ಗಿಸಿ, "ನನ್ನನ್ನು ಬಿಟ್ಟುಬಿಡಿ ಸಾಕು" ಎಂದ. ಕೊನೆಗೆ ಗುನ್ನೆಲ್ ಕರಾರನ್ನು ಕೈಗೆತ್ತಿಕೊಂಡು ನನ್ನ ಚೊಕ್ಕ ವಾಕ್ಯವನ್ನು ಮೆಲ್ಲಗೆ ಓದಿದರು. "ಇದಕ್ಕೆ ಬರ್ಟಿಲ್ ಸಹಿ ಬೇಕು," ಎಂದರು. "ಅವರು ಬಂದ ಮೇಲೆ ಕೇಳೋಣ."

ಸಭೆ ಮಾರ್ಚಿನ ಒಂದು ಶನಿವಾರ ಮಧ್ಯಾಹ್ನ. ಕಿಟಕಿಯ ಹೊರಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಗೋಲಿನ ಕಂಬಗಳೂ ಕಾಣುತ್ತಿರಲಿಲ್ಲ. ಏಲಕ್ಕಿ ಬನ್ನು, ಫ್ಲಾಸ್ಕಿನಲ್ಲಿ ಕಾಫಿ. ಕಾರ್ಯಸೂಚಿಯ ಏಳನೆಯ ವಿಷಯ ಬಂತು. ಬರ್ಟಿಲ್ ತರಬೇತುದಾರರಾಗಿ ಮುಂದುವರಿಯಲಿ ಎಂಬ ಸೂಚನೆಯನ್ನು ಗುನ್ನೆಲ್ ಯಾವ ಏರಿಳಿತವೂ ಇಲ್ಲದೆ ಓದಿದರು.

"ಸಭೆ ಒಪ್ಪುತ್ತದೆಯೇ?"

"ಯಾ," ಎಂದರು ಎಲ್ಲರೂ ಮೇಜು ನೋಡುತ್ತ.

"ಯಾರದಾದರೂ ವಿರೋಧ ಇದೆಯೇ?"

ಸುಹಾಸ ನನ್ನತ್ತ ನೋಡಿದ. ಬಾಯಿ ತೆರೆದೆ. ಆದರೆ ಎದುರಿಗೆ ಗುನ್ನೆಲ್ ಕೂತಿದ್ದರು, ಗಂಡನ ಉಣ್ಣೆಯ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು. ನಿಮ್ಮ ಗಂಡ ಇನ್ನಿಲ್ಲ ಎಂದು ಆ ಮುಖಕ್ಕೆ ಯಾರು ತಾನೇ ಹೇಳುತ್ತಾರೆ? ಕರುಣೆ ಎಂದುಕೊಂಡೆ. ಈಗ ಹೇಳುತ್ತೇನೆ, ಅದು ಹೇಡಿತನ. ಸುತ್ತಿಗೆ ಬಿತ್ತು.

ಆಗ ಹೊರಗೆ ಒಂದು ಗಿಡ್ಡ ಸೀಟಿ.

ಯಾರೂ ತಲೆ ಎತ್ತಲಿಲ್ಲ, ಆದರೆ ಎಲ್ಲರ ಕಪ್ಪುಗಳೂ ಅರ್ಧದಲ್ಲೇ ನಿಂತವು. ಕೋಣೆಯೊಳಗೆ ಡಾಂಬರಿನ ವಾಸನೆ ಹಬ್ಬಿತು. "ಅಭ್ಯಾಸ ಶುರು ಮಾಡಿದರು," ಎಂದರು ಗುನ್ನೆಲ್, ಮನೆಯಲ್ಲಿ ಅನ್ನ ಆಯಿತು ಎನ್ನುವಷ್ಟು ಸಹಜವಾಗಿ. ಆಟಗಾರರು ಒಬ್ಬೊಬ್ಬರಾಗಿ ಎದ್ದು ಮಂಜಿನೊಳಗೆ ಹೋದರು. ಕೊನೆಯವನು ಸುಹಾಸ. ನಾನು ಹಾಜರಿ ಹಾಕಬೇಕಿತ್ತು. ಮಸುಕು ಮಸುಕಾಗಿ ಓಡುತ್ತಿದ್ದವರನ್ನು ಮೂರು ಸಲ ಎಣಿಸಿದೆ, ಮೂರು ಸಲವೂ ಹದಿನಾಲ್ಕು ಬಂತು. ಹದಿಮೂರು ಎಂದು ಬರೆದು ಪುಸ್ತಕ ಮುಚ್ಚಿದೆ.

ಮುಂದಿನ ತಿಂಗಳೇ ರಾಜಧಾನಿಯ ಕಿಸ್ಟಾದಲ್ಲಿ ಪ್ರಾಜೆಕ್ಟ್ ಸಿಕ್ಕಿತು. ಸಿಕ್ಕಿತು ಎನ್ನುವುದು ಸುಳ್ಳು, ಬೇಡಿ ಪಡೆದುಕೊಂಡೆ. ನನ್ನ ಜಾಗಕ್ಕೆ ಸುಹಾಸನೇ ಕಾರ್ಯದರ್ಶಿಯಾದ. ಪ್ರತಿ ಮಾರ್ಚಿನಲ್ಲೂ ಅವನ ಸಹಿಯಿದ್ದ ಸಭೆಯ ಆಮಂತ್ರಣ ಬರುತ್ತಿತ್ತು, ಆ ವಾಸನೆಯೊಂದಿಗೆ. ಏಳನೆಯ ವಿಷಯ: ತರಬೇತುದಾರ, ಬರ್ಟಿಲ್, ಮರು ಆಯ್ಕೆ. ಮೂರು ವರ್ಷ ಅದನ್ನು ಹರಿದು ಎಸೆದೆ. ನಾಲ್ಕನೆಯದರ ಕೆಳಗೆ ಮಗುವಿನಂಥ ಸೊಟ್ಟ ಕನ್ನಡ ಅಕ್ಷರಗಳಿದ್ದವು. ಅಮ್ಮನನ್ನು ಕೇಳಿಕೊಂಡು ಬರೆದಿರಬೇಕು: ಅಂಕಲ್ ಈ ಸಲ ಬರ್ತೀರಾ.

ಹೋದೆ. ಅದೇ ಕೋಣೆ, ಅದೇ ಮಂಜು. ಸುಹಾಸ ಬಾಗಿಲಲ್ಲೇ ನಿಂತಿದ್ದ. ಇಪ್ಪತ್ತಾರರ ಹುಡುಗನ ಕಿವಿಯ ಬಳಿಯ ಕೂದಲು ಬೆಳ್ಳಗಾಗಿತ್ತು, ಬಾಯಲ್ಲಿ ಡಾಂಬರಿನ ಮಿಠಾಯಿ. "ಬಂದ್ರಾ ಅಂಕಲ್," ಎಂದ.

"ಯಾರದಾದರೂ ವಿರೋಧ ಇದೆಯೇ?" ಎಂದು ಗುನ್ನೆಲ್ ಕೇಳಿದರು.

ಈ ಒಂದು ಶಬ್ದಕ್ಕಾಗಿ ನಾನೂರು ಕಿಲೋಮೀಟರು ರೈಲಿನಲ್ಲಿ ಕೂತು ಅಭ್ಯಾಸ ಮಾಡಿಕೊಂಡು ಬಂದಿದ್ದೆ. ಆದರೂ ಅದು ಕೆಮ್ಮಿನ ಹಾಗೆ ಹೊರಟಿತು. "ಇದೆ. ನನ್ನ ವಿರೋಧವಿದೆ. ಬರ್ಟಿಲ್ ಇನ್ನಿಲ್ಲ, ಗುನ್ನೆಲ್. ಹುದ್ದೆ ಖಾಲಿಯಿದೆ."

ಗುನ್ನೆಲ್ ಸುತ್ತಿಗೆಯನ್ನು ನಿಧಾನವಾಗಿ ಮೇಜಿನ ಮೇಲೆ ಮಲಗಿಸಿದರು. ಆಮೇಲೆ ಎರಡೂ ಕೈಗಳಿಂದ ನನ್ನ ಕೈ ಹಿಡಿದುಕೊಂಡರು. ಆ ಕೈಗಳು ಮಂಜುಗಡ್ಡೆಯಂತಿದ್ದವು.

"ಪ್ರತಿ ವರ್ಷ ಕೇಳುತ್ತಿದ್ದೆ," ಎಂದರು. "ಯಾರಾದರೂ ಇಲ್ಲ ಅನ್ನಲಿ ಅಂತಲೇ ಕೇಳುತ್ತಿದ್ದೆ. ನಾನಾಗಿ ಹೇಳಲು ನನ್ನಿಂದ ಆಗುತ್ತಿರಲಿಲ್ಲ."

ಹೊರಗೆ ಎರಡು ಉದ್ದ ಸೀಟಿ ಕೇಳಿಸಿತು. ಒಂದಾದ ಮೇಲೊಂದು, ಸರೋವರದ ಕಡೆಗೆ ಸರಿಯುತ್ತ, ತೆಳುವಾಗುತ್ತ. ಸುಹಾಸ ಕೂತಲ್ಲೇ ಬಗ್ಗಿ ಬೂಟಿನ ದಾರ ಬಿಚ್ಚತೊಡಗಿದ. ಸಭೆಗೂ ಅವನು ಆಟದ ಬೂಟು ಹಾಕಿಕೊಂಡೇ ಬಂದಿದ್ದನೆಂಬುದನ್ನು ಆಗಷ್ಟೇ ಗಮನಿಸಿದೆ. ಬಿಚ್ಚುತ್ತ ಬಿಚ್ಚುತ್ತ ಅತ್ತ.

ಅದು ಕಳೆದ ವರ್ಷದ ಮಾತು. ಈಗ ಅವನು ಸೋಲ್ನಾದಲ್ಲಿದ್ದಾನೆ, ಆಡುವುದನ್ನು ಬಿಟ್ಟನಂತೆ. ಅವನ ಒಳ್ಳೆಯ ವರ್ಷಗಳೆಲ್ಲ ಆ ಮಂಜಿನಲ್ಲಿ ಕಳೆದುಹೋದವು. ಅದರಲ್ಲಿ ನನ್ನ ಪಾಲೆಷ್ಟು ಎಂದು ಅವನು ಒಮ್ಮೆಯೂ ಕೇಳಿಲ್ಲ.

ಒಳಗೆ ಬಂದು ಲಕೋಟೆ ಒಡೆದೆ. ಹನ್ನೆರಡು ಜನರಿಂದ ಆಟ ಸಾಗುವುದಿಲ್ಲವಾದ್ದರಿಂದ ಕ್ಲಬ್ಬನ್ನು ಮುಚ್ಚುವ ಕೊನೆಯ ಸಭೆಗೆ ಆಮಂತ್ರಣ. ಕೆಳಗೆ ಗುನ್ನೆಲ್ ಸಹಿ. ಏಳನೆಯ ವಿಷಯ: ತರಬೇತುದಾರ, ಖಾಲಿ. ಕಿಟಕಿ ತೆರೆದೆ. ಕಿಸ್ಟಾದ ಆಫೀಸುಗಳ ಮೇಲೆ ಮಂಜು ಇಳಿದಿತ್ತು. ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತೆ. ಏನೂ ಕೇಳಿಸಲಿಲ್ಲ. ಆದರೂ ವಿರೋಧ ಇದೆಯೇ ಎಂದು ಯಾರೋ ಕೇಳಿದ ಹಾಗಾಗಿ, ಆ ಮಂಜಿಗೇ ಗಟ್ಟಿಯಾಗಿ "ಇದೆ" ಎಂದೆ.